ದೊಡ್ಡ ಎಲ್ಮ್ ಅಪ್ಲಿಕೇಶನ್: ಮೇನ್ ಮಾಡ್ಯೂಲ್ ಕೈಮೀರುತ್ತಿದೆ, ಒಡೆಯುವುದು ಹೇಗೆ?

ಬಿಲ್ವಪತ್ರೆ

ಎಲ್ಲರಿಗೂ ನಮಸ್ಕಾರ. ಗೋದಾಮಿನ ದಾಸ್ತಾನು, ಇನ್‌ವಾಯ್ಸ್, ಸರಬರಾಜುದಾರರ ಲೆಕ್ಕ ನೋಡಿಕೊಳ್ಳುವ ಒಂದು ವೆಬ್ ಅಪ್ಲಿಕೇಶನ್ ಇದೆ. ಪೂರ್ತಿ ಎಲ್ಮ್ 0.19.1ರಲ್ಲಿ (ಜಾವಾಸ್ಕ್ರಿಪ್ಟ್ ಆಗಿ ಕಂಪೈಲ್ ಆಗುವ, ವೆಬ್ ಅಪ್ಲಿಕೇಶನ್‌ಗಳ ಭಾಷೆ) ಬರೆದದ್ದು, ಸುಮಾರು 45 ಸಾವಿರ ಸಾಲು, 130 ಮಾಡ್ಯೂಲ್. ಇಡೀ ಪುಟವನ್ನೂ ವಿಳಾಸವನ್ನೂ ಎಲ್ಮ್ ನಿಭಾಯಿಸುವ ಬ್ರೌಸರ್ ಡಾಟ್ ಅಪ್ಲಿಕೇಶನ್ ಬಳಸಿದ್ದೇವೆ. ಕೆಲಸವೇನೋ ನಡೆಯುತ್ತಿದೆ, ಆದರೆ ಹೊಸ ಪುಟ ಸೇರಿಸುವುದು ದಿನೇ ದಿನೇ ಕಷ್ಟವಾಗುತ್ತಿದೆ. ತೊಡಕುಗಳು ಇವು:

ಮೇನ್ ಮಾಡ್ಯೂಲಿನ ಅಪ್‌ಡೇಟ್ ಫಂಕ್ಷನ್ 1,800 ಸಾಲು ಮುಟ್ಟಿದೆ. ಪ್ರತಿ ಡ್ರಾಪ್‌ಡೌನ್, ಪ್ರತಿ ದಿನಾಂಕದ ಫೀಲ್ಡಿಗೂ ಅದರದೇ ಮಾಡೆಲ್ (ಸ್ಥಿತಿ), ಮೆಸೇಜ್ (ಏನಾಯಿತು ಎಂಬ ಸಂದೇಶ), ಅಪ್‌ಡೇಟ್ (ಸ್ಥಿತಿ ಬದಲಿಸುವ ಫಂಕ್ಷನ್) ಇದೆ. ಒಳಗಿನ ಮೆಸೇಜನ್ನು ಹೊರಗಿನದರಲ್ಲಿ ಸುತ್ತುವ ಎಚ್‌ಟಿಎಂಎಲ್ ಮ್ಯಾಪ್, ಕಮಾಂಡ್ (ಹೊರಗಿನ ಕೆಲಸ ಮಾಡಿಸುವ ಆದೇಶ) ಮ್ಯಾಪ್‌ಗಳ ಸರಪಳಿ ನಾಲ್ಕು ಹಂತ ಕೆಳಗಿಳಿಯುತ್ತದೆ.

ಲಾಗಿನ್ ಆದ ಬಳಕೆದಾರರ ವಿವರ, ಅನುಮತಿ, ಸರಕುಗಳ ಪಟ್ಟಿ ಬಹುತೇಕ ಎಲ್ಲ ಪುಟಕ್ಕೂ ಬೇಕು. ಈಗ ಪುಟ ತೆರೆಯುವಾಗ ಆ ಪುಟದ ಮಾಡೆಲ್‌ಗೆ ನಕಲು ಹೋಗುತ್ತದೆ. ಒಂದು ಪುಟದಲ್ಲಿ ಬದಲಿಸಿದ್ದು ಇನ್ನೊಂದರಲ್ಲಿ ಹಳೆಯದಾಗಿಯೇ ಉಳಿಯುತ್ತದೆ.

ದಾಸ್ತಾನು ಪಟ್ಟಿಯಲ್ಲಿ 3,000 ಸಾಲುಗಳಿವೆ. ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ಅಕ್ಷರ ತಡವಾಗಿ ಮೂಡುತ್ತದೆ. ಬದಲಾಗದ ಭಾಗವನ್ನು ಮತ್ತೆ ಬರೆಯದಂತೆ ತಡೆಯುವ ಲೇಜಿ ಹಾಕಿದರೂ ಏನೂ ಬದಲಾಗಲಿಲ್ಲ.

ಟೈಪ್ಸ್ ಅನ್ನುವ ಮಾಡ್ಯೂಲಿನಲ್ಲಿ ಒಂದು ಫೀಲ್ಡ್ ಸೇರಿಸಿದರೆ ಇಡೀ ಪ್ರಾಜೆಕ್ಟ್ ಮತ್ತೆ ಕಂಪೈಲ್ ಆಗುತ್ತದೆ. ಅಲ್ಲದೆ, ಮೊನ್ನೆ ಮುದ್ರಣದ ಬಟನ್ ತೆಗೆದ ಬಿಲ್ಡ್‌ನಲ್ಲಿ ಅಪ್ಲಿಕೇಶನ್ ಶುರುವಾಗುವಾಗಲೇ ಜಾವಾಸ್ಕ್ರಿಪ್ಟ್ ಕಡೆಯಿಂದ ‘ಅನ್‌ಡಿಫೈನ್ಡ್’ ದೋಷ ಬಂತು. ಕಂಪೈಲರ್ ಒಂದು ಮಾತೂ ಹೇಳಲಿಲ್ಲ.

ಎಲ್ಲವನ್ನೂ ಮತ್ತೆ ಬರೆಯಲು ಸಮಯವಿಲ್ಲ. ಇದ್ದದ್ದನ್ನೇ ಯಾವ ಕ್ರಮದಲ್ಲಿ ಸರಿಪಡಿಸಬಹುದು?

---

ಕಲ್ಪತರು_ನಾಡು

ಮೊದಲು ಡ್ರಾಪ್‌ಡೌನ್‌ಗಳ ಮಾಡೆಲ್ ಕಿತ್ತುಹಾಕಿ. ನಿಮ್ಮ ಅರ್ಧ ತೊಂದರೆ ಅಲ್ಲಿಂದಲೇ ಬರುತ್ತಿದೆ. ಎಲ್ಮ್‌ನಲ್ಲಿ ಪ್ರತಿ ತುಣುಕಿಗೂ ಮಾಡೆಲ್, ಮೆಸೇಜ್, ಅಪ್‌ಡೇಟ್ ಕೊಡುವುದು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಕಾಂಪೊನೆಂಟ್ ಅಭ್ಯಾಸ. ಇಲ್ಲಿ ಅದಕ್ಕೆ ತೆರಬೇಕಾದ ಬೆಲೆ ಹೆಚ್ಚು, ಏಕೆಂದರೆ ಪ್ರತಿ ಹಂತದಲ್ಲೂ ಮೆಸೇಜನ್ನು ಸುತ್ತಿ, ಬಿಚ್ಚಿ, ಕಮಾಂಡನ್ನು ಮ್ಯಾಪ್ ಮಾಡಬೇಕು. ಡ್ರಾಪ್‌ಡೌನ್ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದು ಒಂದು ಬೂಲಿಯನ್. ಅದು ಪುಟದ ಮಾಡೆಲ್‌ನಲ್ಲೇ ಇರಲಿ. ಡ್ರಾಪ್‌ಡೌನ್ ಬರೀ ಒಂದು ವ್ಯೂ ಫಂಕ್ಷನ್ ಆಗಲಿ: ತೆರೆದಿದೆಯೇ, ಆಯ್ಕೆಗಳೇನು, ಆಯ್ದದ್ದು ಯಾವುದು, ಒತ್ತಿದಾಗ ಯಾವ ಮೆಸೇಜ್ ಕಳಿಸಬೇಕು, ಈ ನಾಲ್ಕನ್ನು ಒಂದು ರೆಕಾರ್ಡಿನಲ್ಲಿ ಪಡೆದುಕೊಂಡು ಎಚ್‌ಟಿಎಂಎಲ್ ಕೊಟ್ಟರೆ ಮುಗಿಯಿತು. ಮೆಸೇಜ್ ಟೈಪನ್ನು ಟೈಪ್ ವೇರಿಯಬಲ್ ಆಗಿ ಬಿಟ್ಟರೆ ಯಾವ ಪುಟವಾದರೂ ಬಳಸಬಹುದು. ಸ್ವಂತ ಅಪ್‌ಡೇಟ್ ಬೇಕಾಗುವುದು ಒಳಗೆ ನಿಜವಾಗಿಯೂ ಸಂಕೀರ್ಣ ಸ್ಥಿತಿ ಇರುವ ಒಂದೆರಡು ಕಡೆ ಮಾತ್ರ. ಕೀಬೋರ್ಡಿನಿಂದ ಓಡಾಡುತ್ತಾ ಸರ್ವರ್‌ನಿಂದ ಸಲಹೆ ತರುವ ಹುಡುಕಾಟದ ಪೆಟ್ಟಿಗೆ ಅಂಥದ್ದು.

ಇನ್ನು ಫೈಲ್ ಒಡೆಯುವ ಮಾತು. ಫೈಲ್ ಉದ್ದವಾಯಿತು ಅನ್ನುವುದು ಎಲ್ಮ್‌ನಲ್ಲಿ ಒಡೆಯಲು ಕಾರಣವಲ್ಲ. ಭಾಷೆಯ ಕರ್ತೃ ಎವಾನ್ ಚಾಪ್ಲಿಕ್ಕಿ 2017ರ ಎಲ್ಮ್ ಯುರೋಪ್ ಸಮ್ಮೇಳನದಲ್ಲಿ ಇದನ್ನೇ ವಿವರಿಸಿದ್ದರು: ಮಾಡ್ಯೂಲ್ ಒಂದು ಡೇಟಾ ಟೈಪ್‌ನ ಸುತ್ತ ಬೆಳೆಯಬೇಕು. ನಿಮ್ಮಲ್ಲಿ ‘ಇನ್‌ವಾಯ್ಸ್’, ‘ಮೊತ್ತ’, ‘ಸರಕಿನ ಸಂಕೇತ’, ‘ಅನುಮತಿ’ ಇವು ಒಂದೊಂದೂ ಒಂದು ಮಾಡ್ಯೂಲ್. ಟೈಪನ್ನು ಹೊರಗೆ ಬಿಡಿ, ಅದರ ಮೌಲ್ಯ ಕಟ್ಟುವ ಕನ್‌ಸ್ಟ್ರಕ್ಟರ್ ಬಿಡಬೇಡಿ. ಆಗ ಮೊತ್ತವನ್ನು ಪೈಸೆಯಲ್ಲಿ ಇಟ್ಟಿದ್ದೀರೋ ರೂಪಾಯಿಯಲ್ಲೋ ಎಂದು ಹೊರಗಿನ ಯಾವ ಮಾಡ್ಯೂಲಿಗೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಪೈಸೆಯಲ್ಲೇ, ಪೂರ್ಣಾಂಕವಾಗಿ ಇಡಿ. ರೂಪಾಯಿಯನ್ನು ಫ್ಲೋಟ್‌ನಲ್ಲಿ ಕೂಡಿದರೆ ಜಿಎಸ್‌ಟಿ ಮೊತ್ತ ತಾಳೆಯಾಗುವುದಿಲ್ಲ.

ಟೈಪ್ಸ್ ಮಾಡ್ಯೂಲ್ ಹುಟ್ಟಿದ್ದು ಬಹುಶಃ ಆವರ್ತ ಇಂಪೋರ್ಟ್ ದೋಷದಿಂದ. ‘ಅ’ ‘ಬ’ಯನ್ನು, ‘ಬ’ ‘ಅ’ಯನ್ನು ಇಂಪೋರ್ಟ್ ಮಾಡುವುದನ್ನು ಎಲ್ಮ್ ಒಪ್ಪುವುದಿಲ್ಲ. ಆಗ ಎಲ್ಲ ಟೈಪ್‌ಗಳನ್ನೂ ಒಂದೇ ಕಡೆ ಸುರಿಯುವುದು ಸುಲಭದ ದಾರಿ. ಅದರ ಫಲವೇ ನಿಮ್ಮ ಕಂಪೈಲ್ ಸಮಯ. ಒಂದು ಮಾಡ್ಯೂಲ್ ಹೊರಗೆ ತೋರಿಸುವ ಟೈಪ್‌ಗಳು, ಫಂಕ್ಷನ್‌ಗಳ ಟೈಪ್ ಸಹಿಗಳು ಬದಲಾಗದಿದ್ದರೆ ಕಂಪೈಲರ್ ಅದನ್ನು ಇಂಪೋರ್ಟ್ ಮಾಡಿದವರನ್ನು ಮುಟ್ಟುವುದಿಲ್ಲ. ಬದಲಾದರೆ ಅವರೆಲ್ಲರ ಸರದಿ. ಎಲ್ಲರೂ ಟೈಪ್ಸ್ ಮೇಲೆ ನಿಂತಿರುವಾಗ ಎಲ್ಲರ ಸರದಿಯೂ ಪ್ರತಿ ಸಲ ಬರುತ್ತದೆ. ಒಂದೊಂದೇ ಟೈಪನ್ನು ಅದರ ಮನೆಗೆ ಸಾಗಿಸಿ. ‘ಎಲ್ಲವನ್ನೂ ಎಕ್ಸ್‌ಪೋಸ್’ ಮಾಡುವ ಎರಡು ಚುಕ್ಕೆಯನ್ನು ತೆಗೆದು ಬೇಕಾದ ಹೆಸರುಗಳನ್ನಷ್ಟೇ ಬರೆಯಿರಿ. ನಲವತ್ತು ಫೀಲ್ಡಿನ ರೆಕಾರ್ಡ್ ಅಲಿಯಾಸ್ (ರೆಕಾರ್ಡಿಗೆ ಇಟ್ಟ ಅಡ್ಡಹೆಸರು) ಇದ್ದರೆ ಒಂದೇ ಕನ್‌ಸ್ಟ್ರಕ್ಟರಿನ ಕಸ್ಟಮ್ ಟೈಪ್‌ನೊಳಗೆ ಸುತ್ತಿ. ಅಲಿಯಾಸ್ ಅನ್ನುವುದು ಪ್ರತಿ ಸಹಿಯಲ್ಲೂ ಪೂರ್ತಿ ರೆಕಾರ್ಡಾಗಿ ಬಿಚ್ಚಿಕೊಳ್ಳುತ್ತದೆ, ಕಸ್ಟಮ್ ಟೈಪ್ ಒಂದು ಹೆಸರಾಗಿಯೇ ಉಳಿಯುತ್ತದೆ. ಆಪ್ಟಿಮೈಜ್ ಫ್ಲ್ಯಾಗ್ ಹಾಕಿದ ಬಿಲ್ಡ್‌ನಲ್ಲಿ ಆ ಸುತ್ತು ಕಳಚಿಹೋಗುವುದರಿಂದ ಓಡುವಾಗ ಖರ್ಚೂ ಇಲ್ಲ.

ಹಂಚಿಕೊಳ್ಳುವ ಡೇಟಾಗೆ ‘ಶೇರ್ಡ್’ ಎಂಬ ಒಂದು ಮಾಡ್ಯೂಲ್ ಸಾಕು. ನಿಯಮ ಒಂದೇ: ಪುಟದ ಮಾಡೆಲ್ ಅದನ್ನು ನಕಲು ಮಾಡಕೂಡದು. ಪುಟದ ಅಪ್‌ಡೇಟ್‌ಗೂ ವ್ಯೂಗೂ ಶೇರ್ಡ್ ಒಂದು ಆರ್ಗ್ಯುಮೆಂಟ್ ಆಗಿ ಬರಲಿ. ಪುಟ ಸರಕಿನ ಐಡಿಯನ್ನು ಮಾತ್ರ ಇಟ್ಟುಕೊಂಡು, ತೋರಿಸುವ ಹೊತ್ತಿಗೆ ಶೇರ್ಡ್‌ನ ಡಿಕ್ಷನರಿಯಿಂದ (ಡಿಕ್ಟ್, ಕೀಲಿ ಕೊಟ್ಟರೆ ಮೌಲ್ಯ ಸಿಗುವ ರಚನೆ) ಹುಡುಕಿ ತೆಗೆಯಲಿ. ಅಲ್ಲಿ ಒಂದು ತೊಡಕಿದೆ. ಎಲ್ಮ್‌ನ ಡಿಕ್ಟ್‌ಗೆ ಕಸ್ಟಮ್ ಟೈಪ್ ಕೀಲಿಯಾಗದು, ಹೋಲಿಸಬಲ್ಲ ಮೂಲ ಟೈಪ್‌ಗಳೇ ಬೇಕು. ಸರಕಿನ ಐಡಿ ಕಸ್ಟಮ್ ಟೈಪ್ ಆಗಿದ್ದರೆ ಅದೇ ಮಾಡ್ಯೂಲಿನಲ್ಲಿ ಡಿಕ್ಟ್ ಅನ್ನೂ ಮುಚ್ಚಿಟ್ಟು, ಹುಡುಕು, ಸೇರಿಸು ಎಂಬ ಎರಡು ಫಂಕ್ಷನ್ ಹೊರಗೆ ಬಿಡಿ.

ಪುಟವೊಂದು ಶೇರ್ಡ್ ಬದಲಿಸಬೇಕಾದಾಗ? ಅಪ್‌ಡೇಟ್ ಕಮಾಂಡ್ ಕೊಡುವ ಬದಲು ನಿಮ್ಮದೇ ‘ಎಫೆಕ್ಟ್’ ಟೈಪ್ ಕೊಡಲಿ: ಏನೂ ಇಲ್ಲ, ಹಲವನ್ನು ಸೇರಿಸು, ಈ ರೂಟ್‌ಗೆ ಹೋಗು, ಈ ಇನ್‌ವಾಯ್ಸ್ ತಾ, ಶೇರ್ಡ್‌ಗೆ ಈ ಮೆಸೇಜ್ ಕಳಿಸು. ಇದನ್ನು ನಿಜವಾದ ಕಮಾಂಡ್ ಆಗಿ ಬದಲಿಸುವ ಫಂಕ್ಷನ್ ಮೇನ್‌ನಲ್ಲಿ ಒಂದೇ ಇರುತ್ತದೆ. ದೊಡ್ಡ ಲಾಭ ಪರೀಕ್ಷೆಯಲ್ಲಿ. ವಿಳಾಸ ಬದಲಿಸಲು ಬೇಕಾದ ನ್ಯಾವಿಗೇಶನ್ ಕೀಯನ್ನು ಎಲ್ಮ್-ಟೆಸ್ಟ್ ಎಂಬ ಪರೀಕ್ಷಾ ಸಾಧನದ ಒಳಗೆ ಸೃಷ್ಟಿಸಲು ಬರುವುದಿಲ್ಲ, ಅದು ಬ್ರೌಸರ್ ಅಪ್ಲಿಕೇಶನ್ ಶುರುವಾದಾಗ ಮಾತ್ರ ಕೈಗೆ ಬರುತ್ತದೆ. ಕೀ ಮೇನ್‌ನಲ್ಲೇ ಉಳಿದರೆ ಪುಟಗಳನ್ನೆಲ್ಲ ಸಲೀಸಾಗಿ ಪರೀಕ್ಷಿಸಬಹುದು. ಎಫೆಕ್ಟ್ ಒಳಗೆ ಫಂಕ್ಷನ್ ಇಡಬೇಡಿ. ಫಂಕ್ಷನ್‌ಗಳನ್ನು ಸಮವೇ ಎಂದು ಹೋಲಿಸಿದರೆ ಎಲ್ಮ್ ಓಡುವಾಗ ಕುಸಿಯುತ್ತದೆ, ಕಂಪೈಲರ್ ಅದನ್ನು ಹಿಡಿಯುವುದಿಲ್ಲ.

ಇಷ್ಟು ಮಾಡಿದರೆ ಮೇನ್‌ನ ಅಪ್‌ಡೇಟ್‌ನಲ್ಲಿ ಪುಟಕ್ಕೆ ಐದಾರು ಸಾಲು ಉಳಿಯುತ್ತದೆ. ಅಲ್ಲಿ ಒಂದು ಎಚ್ಚರ: ಮೆಸೇಜ್ ಮತ್ತು ಪುಟದ ಜೋಡಿಯನ್ನು ಒಟ್ಟಿಗೆ ಕೇಸ್ ಮಾಡಿ ಕೊನೆಗೆ ಅಂಡರ್‌ಸ್ಕೋರ್ ಹಾಕುವ ಪದ್ಧತಿ ತುಂಬ ಕಡೆ ಕಾಣುತ್ತದೆ. ಹಾಗೆ ಬರೆದರೆ ಹೊಸ ಪುಟದ ಶಾಖೆ ಮರೆತರೂ ಕಂಪೈಲರ್ ಸುಮ್ಮನಿರುತ್ತದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಹೊರಗೆ ಮೆಸೇಜ್ ಮೇಲೆ ಮಾತ್ರ ಕೇಸ್ ಮಾಡಿ. ಪ್ರತಿ ಶಾಖೆಯ ಒಳಗೆ ‘ಈಗಿನ ಪುಟ ಇದೇನಾ’ ಎಂದು ನೋಡಿ, ಅಲ್ಲದಿದ್ದರೆ ಆ ಮೆಸೇಜ್ ಬಿಟ್ಟುಬಿಡಿ. ಹೊಸ ಮೆಸೇಜ್ ಸೇರಿಸಿದ ಕೂಡಲೇ ಕಂಪೈಲರ್ ನಿಮ್ಮನ್ನು ಆ ಜಾಗಕ್ಕೆ ಕರೆದೊಯ್ಯುತ್ತದೆ.

---

ಗುಬ್ಬಿಗೂಡು

ಮೇಲಿನವರು ವೇಗದ ವಿಷಯ ಮುಟ್ಟಿಲ್ಲ, ಅದನ್ನು ನಾನು ಹೇಳುತ್ತೇನೆ.

ಲೇಜಿ ಕೆಲಸ ಮಾಡದಿರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ. ಲೇಜಿ ಹಳೆಯ ಫಂಕ್ಷನ್, ಹಳೆಯ ಆರ್ಗ್ಯುಮೆಂಟ್‌ಗಳನ್ನು ಹೊಸದರ ಜೊತೆ ಜಾವಾಸ್ಕ್ರಿಪ್ಟ್‌ನ ಮೂರು ಸಮಚಿಹ್ನೆಯಿಂದ ಹೋಲಿಸುತ್ತದೆ. ಅಂಕಿಗೂ ಸ್ಟ್ರಿಂಗಿಗೂ ಅದು ಮೌಲ್ಯದ ಹೋಲಿಕೆ. ರೆಕಾರ್ಡ್, ಲಿಸ್ಟ್, ಟ್ಯೂಪಲ್, ಜಸ್ಟ್ (‘ಮೌಲ್ಯ ಇದೆ’ ಎನ್ನುವ ರೂಪ) ಇವಕ್ಕೆಲ್ಲ ಅದೇ ವಸ್ತುವೇ ಎಂಬ ಹೋಲಿಕೆ. ಹಾಗಾಗಿ ಈ ಮೂರು ರೀತಿ ಬರೆದರೆ ಲೇಜಿ ಎಂದೂ ಹಿಡಿಯುವುದಿಲ್ಲ:

ವ್ಯೂ ಒಳಗೇ ಸೋಸಿದ ಲಿಸ್ಟನ್ನು ಲೇಜಿಗೆ ಕೊಡುವುದು, ಏಕೆಂದರೆ ಸೋಸಿದಾಗಲೆಲ್ಲ ಹೊಸ ಲಿಸ್ಟ್.
ಅಲ್ಲೇ ರೆಕಾರ್ಡ್ ಕಟ್ಟಿ ಕೊಡುವುದು.
ಅರ್ಧ ಆರ್ಗ್ಯುಮೆಂಟ್ ತುಂಬಿದ ಫಂಕ್ಷನ್ ಅಥವಾ ಲ್ಯಾಮ್ಡಾ (ಹೆಸರಿಲ್ಲದ ಫಂಕ್ಷನ್) ಕೊಡುವುದು. ಫಂಕ್ಷನ್ ಮಾಡ್ಯೂಲಿನ ಮೇಲ್ಮಟ್ಟದಲ್ಲಿ ಹೆಸರಿಟ್ಟದ್ದೇ ಆಗಿರಬೇಕು, ಆರ್ಗ್ಯುಮೆಂಟ್ ಹೆಚ್ಚಿದ್ದರೆ ಲೇಜಿ2ರಿಂದ ಲೇಜಿ8ರವರೆಗೆ ಇವೆ.

ಇನ್ನೊಂದು ಸೂಕ್ಷ್ಮ. ವ್ಯೂ ಒಳಗೆ ಒಂದೇ ಕನ್‌ಸ್ಟ್ರಕ್ಟರ್, ಒಂದೇ ಆರ್ಗ್ಯುಮೆಂಟ್ ಇರುವ ಐಡಿ ಕಟ್ಟಿ ಲೇಜಿಗೆ ಕೊಟ್ಟರೆ ಸಾಮಾನ್ಯ ಬಿಲ್ಡ್‌ನಲ್ಲಿ ಅದು ಹೊಸ ವಸ್ತು, ಆಪ್ಟಿಮೈಜ್ ಬಿಲ್ಡ್‌ನಲ್ಲಿ ಸುತ್ತು ಕಳಚಿ ಬರೀ ಸ್ಟ್ರಿಂಗ್. ಒಂದರಲ್ಲಿ ನಿಧಾನ, ಇನ್ನೊಂದರಲ್ಲಿ ವೇಗ. ವೇಗ ಅಳೆಯುವಾಗ ಯಾವಾಗಲೂ ಆಪ್ಟಿಮೈಜ್ ಬಿಲ್ಡ್ ಮೇಲೆಯೇ ಅಳೆಯಿರಿ. ಡೀಬಗ್ ಫ್ಲ್ಯಾಗ್ ಹಾಕಿದ ಬಿಲ್ಡ್ ಎಲ್ಲ ಮೆಸೇಜ್‌ಗಳ ಇತಿಹಾಸವನ್ನೂ ಇಟ್ಟುಕೊಳ್ಳುವುದರಿಂದ ಅದರ ಮೇಲಿನ ಅಳತೆಗೆ ಅರ್ಥವಿಲ್ಲ.

ನಿಮ್ಮ ಪಟ್ಟಿಗೆ ಕ್ರಮ ಹೀಗಿರಲಿ. ಸೋಸಿದ ಫಲಿತಾಂಶವನ್ನು ಮಾಡೆಲ್‌ನಲ್ಲಿಡಿ, ಹುಡುಕು ಪದ ಅಥವಾ ಪಟ್ಟಿ ಬದಲಾದಾಗ ಮಾತ್ರ ಅಪ್‌ಡೇಟ್‌ನಲ್ಲಿ ಲೆಕ್ಕ ಹಾಕಿ. ಟೇಬಲ್ಲಿನ ಒಡಲಿಗೆ, ಪ್ರತಿ ಸಾಲಿಗೂ ಗುರುತು ಕೊಡುವ ಕೀಡ್ ನೋಡ್ ಬಳಸಿ, ಕೀ ಆಗಿ ಸರಕಿನ ಐಡಿ ಕೊಡಿ. ಸಾಲಿನ ಕ್ರಮಸಂಖ್ಯೆ ಕೊಟ್ಟರೆ ಕೀಡ್ ಹಾಕಿದ್ದೂ ವ್ಯರ್ಥ, ಒಂದು ಸಾಲು ಅಳಿಸಿದರೆ ಕೆಳಗಿನವೆಲ್ಲ ಬದಲಾದಂತೆ ಕಾಣುತ್ತದೆ. ಪ್ರತಿ ಸಾಲನ್ನೂ ಲೇಜಿ ಮಾಡಿ, ಆದರೆ ‘ಆಯ್ಕೆಯಾದ ಐಡಿ’ಯನ್ನು ಎಲ್ಲ ಸಾಲಿಗೂ ಕಳಿಸಬೇಡಿ. ಅದು ಬದಲಾದಾಗ 3,000 ಸಾಲೂ ಮತ್ತೆ ಮೂಡುತ್ತದೆ. ‘ಈ ಸಾಲು ಆಯ್ಕೆಯಾಗಿದೆಯೇ’ ಎಂಬ ಬೂಲಿಯನ್ ಕಳಿಸಿದರೆ ಎರಡೇ ಸಾಲು ಬದಲಾಗುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ ಕಾಣುವ ಸಾಲುಗಳನ್ನಷ್ಟೇ ಬರೆಯಿರಿ. ಸಾಲಿನ ಎತ್ತರ 36 ಪಿಕ್ಸೆಲ್, ಪೆಟ್ಟಿಗೆಯ ಎತ್ತರ 720 ಆದರೆ ಒಂದು ಹೊತ್ತಿಗೆ ಕಾಣುವುದು 20 ಸಾಲು. ಮೇಲೆ 10, ಕೆಳಗೆ 10 ಸೇರಿಸಿ 40 ಸಾಲು ಬರೆದು, ಉಳಿದ ಎತ್ತರಕ್ಕೆ ಮೇಲೊಂದು ಕೆಳಗೊಂದು ಖಾಲಿ ಸಾಲು ಇಡಿ. ಸ್ಕ್ರೋಲ್ ಈವೆಂಟಿನಿಂದ ಸ್ಕ್ರೋಲ್‌ಟಾಪ್ (ಎಷ್ಟು ಪಿಕ್ಸೆಲ್ ಸರಿದಿದೆ ಎಂಬ ಅಂಕಿ) ಡಿಕೋಡ್ ಮಾಡಿ, ಅಂದರೆ ಎಲ್ಮ್ ಮೌಲ್ಯವಾಗಿ ಓದಿ, 36ರಿಂದ ಭಾಗಿಸಿದರೆ ಮೊದಲ ಸಾಲಿನ ಸಂಖ್ಯೆ ಸಿಗುತ್ತದೆ. ಸಾಲಿನ ಎತ್ತರ ಸ್ಥಿರವಾಗಿರಲೇಬೇಕು. ಉದ್ದ ಹೆಸರು ಎರಡು ಸಾಲಾಗಿ ಮಡಚಿಕೊಂಡರೆ ಲೆಕ್ಕ ತಪ್ಪಿ ಪಟ್ಟಿ ಜಿಗಿಯುತ್ತದೆ.

ಮುದ್ರಣದ ಬಟನ್ ಕಥೆ ಹೀಗೆ. 0.19ರಿಂದ ಎಲ್ಮ್ ಬಳಸದ ಫಂಕ್ಷನ್‌ಗಳನ್ನೆಲ್ಲ ಔಟ್‌ಪುಟ್‌ನಿಂದ ತೆಗೆಯುತ್ತದೆ, ಜಾವಾಸ್ಕ್ರಿಪ್ಟ್ ಜೊತೆ ಸಂದೇಶ ಕೊಟ್ಟು ತೆಗೆದುಕೊಳ್ಳುವ ಪೋರ್ಟ್‌ಗಳೂ ಅದರಲ್ಲಿ ಸೇರಿವೆ. ಆ ಪೋರ್ಟನ್ನು ಕರೆಯುತ್ತಿದ್ದ ಕೊನೆಯ ಜಾಗ ಆ ಬಟನ್ನೇ ಆಗಿದ್ದರೆ ಪೋರ್ಟ್ ಕೂಡ ಹೋಯಿತು. ಜಾವಾಸ್ಕ್ರಿಪ್ಟ್ ಕಡೆ ಅದರ ಸಬ್‌ಸ್ಕ್ರೈಬ್ ಕರೆದಾಗ ಅನ್‌ಡಿಫೈನ್ಡ್. ಪೋರ್ಟ್ ಸಂಖ್ಯೆ ಹೆಚ್ಚಿದಷ್ಟೂ ಇದು ಮರುಕಳಿಸುತ್ತದೆ. ಹೊರಗೆ ಹೋಗಲು ಒಂದು, ಒಳಗೆ ಬರಲು ಒಂದು, ಎರಡೇ ಪೋರ್ಟ್ ಇಡಿ. ಅದರಲ್ಲಿ ‘ಟ್ಯಾಗ್’, ‘ಡೇಟಾ’ ಎಂಬ ಎರಡು ಫೀಲ್ಡಿನ ಜೇಸನ್ ಕಳಿಸಿ. ಎಲ್ಮ್ ಕಡೆ ಹೋಗುವ ಸಂದೇಶಗಳು ಒಂದು ಕಸ್ಟಮ್ ಟೈಪ್, ಬರುವವು ಇನ್ನೊಂದು. ಒಳಬರುವ ಪೋರ್ಟಿನ ಟೈಪ್ ಜೇಸನ್ ವ್ಯಾಲ್ಯೂ ಆಗಿರಲಿ, ನೀವೇ ಡಿಕೋಡ್ ಮಾಡಿ. ನೇರ ರೆಕಾರ್ಡ್ ಟೈಪ್ ಕೊಟ್ಟರೆ ತಪ್ಪು ಡೇಟಾ ಬಂದಾಗ ಎಲ್ಮ್‌ಗೆ ತಲುಪುವ ಮುನ್ನವೇ ದೋಷ ಎಸೆಯುತ್ತದೆ, ಅದನ್ನು ನಿಮ್ಮ ಅಪ್‌ಡೇಟ್‌ನಲ್ಲಿ ಹಿಡಿಯಲಾಗದು. ಶುರುವಿನಲ್ಲಿ ಜಾವಾಸ್ಕ್ರಿಪ್ಟ್ ಕೊಡುವ ಡೇಟಾ, ಅಂದರೆ ಫ್ಲ್ಯಾಗ್ಸ್‌ಗೂ ಇದೇ ಮಾತು. ಅಲ್ಲಿ ತಪ್ಪಿದರೆ ಸಿಗುವುದು ಬಿಳಿ ಪರದೆ.

ದಿನಾಂಕ ಆಯ್ಕೆ, ಚಾರ್ಟ್, ಬರವಣಿಗೆಯ ಎಡಿಟರ್ ಇಂಥವಕ್ಕೆ ಪೋರ್ಟ್‌ಗಿಂತ ಕಸ್ಟಮ್ ಎಲಿಮೆಂಟ್ (ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಸ್ವಂತ ಎಚ್‌ಟಿಎಂಎಲ್ ಟ್ಯಾಗ್) ಮೇಲು. ಪ್ರಾಪರ್ಟಿ ಮೂಲಕ ಡೇಟಾ ಒಳಗೆ, ಈವೆಂಟಿನ ‘ಡೀಟೇಲ್’ ಮೂಲಕ ಹೊರಗೆ. ವರ್ಚುವಲ್ ಡಾಮ್ (ಪುಟದಲ್ಲಿ ಏನು ಬದಲಾಗಬೇಕೆಂದು ಲೆಕ್ಕ ಹಾಕುವ ಎಲ್ಮ್‌ನ ಭಾಗ) ಅದರ ಒಳಗಿನ ಎಲಿಮೆಂಟ್‌ಗಳಿಗೆ ಕೈಹಾಕುವುದಿಲ್ಲ.

---

ಬಿಲ್ವಪತ್ರೆ

ಇಬ್ಬರಿಗೂ ಧನ್ಯವಾದ. ಲೇಜಿ ವಿಷಯ ಸರಿಯಾಗಿ ಹೇಳಿದಿರಿ, ನಮ್ಮಲ್ಲಿ ವ್ಯೂ ಒಳಗೇ ಸೋಸುತ್ತಿದ್ದೇವೆ. ಇನ್ನೆರಡು ಕೇಳುವುದಿದೆ. ಬೇಗ ಬೇಗ ಎರಡು ಇನ್‌ವಾಯ್ಸ್ ತೆರೆದರೆ ಕೆಲವೊಮ್ಮೆ ಮೊದಲನೆಯದೇ ಪರದೆಯಲ್ಲಿ ನಿಲ್ಲುತ್ತದೆ. ಮತ್ತು ಸರಕಿನ ಹೆಸರು ಕನ್ನಡದಲ್ಲಿರುವ ಕಡೆ ಹುಡುಕಾಟ, ವಿಂಗಡಣೆ ಎರಡೂ ಸರಿ ಬರುತ್ತಿಲ್ಲ. ಕಣ್ಣಿಗೆ ಒಂದೇ ಥರ ಕಾಣುವ ಪದವೂ ಸಿಗುವುದಿಲ್ಲ.

---

ತುಂಗಾತೀರ

ಮೊದಲನೆಯದು ಸುಲಭ. 12ನೇ ಇನ್‌ವಾಯ್ಸ್ ಕೇಳಿ, ಕೂಡಲೇ 15ನ್ನು ಕೇಳಿದಿರಿ, 12ರ ಉತ್ತರ ತಡವಾಗಿ ಬಂದು 15ನ್ನು ಅಳಿಸಿತು. ಉತ್ತರದ ಮೆಸೇಜಿನಲ್ಲೇ ಐಡಿ ಇರಲಿ, ಅಪ್‌ಡೇಟ್‌ನಲ್ಲಿ ಈಗ ತೆರೆದಿರುವ ಐಡಿಗೆ ತಾಳೆ ನೋಡಿ. ಬೇಡವಾದ ಬೇಡಿಕೆಯನ್ನು ನಿಲ್ಲಿಸಬೇಕೆಂದರೆ ಎಚ್‌ಟಿಟಿಪಿ ರಿಕ್ವೆಸ್ಟ್‌ಗೆ ಟ್ರ್ಯಾಕರ್ ಹೆಸರು ಕೊಟ್ಟು ಕ್ಯಾನ್ಸಲ್ ಕರೆಯಬಹುದು. ಆದರೂ ಐಡಿ ತಾಳೆ ನೋಡುವುದನ್ನು ಬಿಡಬೇಡಿ.

ಅದೇ ಜಾಗದಲ್ಲಿ ಇನ್ನೊಂದನ್ನೂ ನೋಡಿ. ‘ಲೋಡಿಂಗ್’ ಬೂಲಿಯನ್, ‘ದೋಷ’ ಒಂದು ಮೇಬಿ (ಇರಬಹುದಾದ ಅಥವಾ ಇಲ್ಲದಿರಬಹುದಾದ ಮೌಲ್ಯ), ‘ಡೇಟಾ’ ಇನ್ನೊಂದು ಮೇಬಿ ಎಂದು ಮೂರು ಫೀಲ್ಡ್ ಇದ್ದರೆ ಎಂಟು ಸಂಯೋಜನೆ ಆಗುತ್ತದೆ, ಅರ್ಥವಿರುವುದು ನಾಲ್ಕಕ್ಕೆ. ಕೇಳಿಲ್ಲ, ಬರುತ್ತಿದೆ, ಸೋತಿತು, ಬಂತು ಎಂಬ ನಾಲ್ಕು ಕನ್‌ಸ್ಟ್ರಕ್ಟರಿನ ಒಂದು ಟೈಪ್ ಮಾಡಿ. ‘ಸೋತಿತು’ ಒಳಗೆ ಸರ್ವರ್ ಹೇಳಿದ ಕಾರಣವೂ ಬೇಕಿದ್ದರೆ ಸರ್ವರ್ ಉತ್ತರ ಓದುವ ಎಕ್ಸ್‌ಪೆಕ್ಟ್ ಜೇಸನ್ ಫಂಕ್ಷನ್ ಸಾಲದು. ಬೇಡಿಕೆಯಲ್ಲಿ ತಪ್ಪಿದೆ ಎನ್ನುವ ಸ್ಟೇಟಸ್ 400 ಅಥವಾ 422 ಬಂದಾಗ ಅದು ಅಂಕಿಯನ್ನು ಮಾತ್ರ ಕೊಟ್ಟು ಉತ್ತರದ ಒಡಲನ್ನು ಎಸೆದುಬಿಡುತ್ತದೆ. ಎಕ್ಸ್‌ಪೆಕ್ಟ್ ಸ್ಟ್ರಿಂಗ್ ರೆಸ್ಪಾನ್ಸ್ ಬಳಸಿ ನೀವೇ ಒಡಲನ್ನು ಓದಬೇಕು.

ಈಗ ಕನ್ನಡದ ಮಾತು. ಎಲ್ಮ್‌ನ ಸ್ಟ್ರಿಂಗ್ ಎಂದರೆ ಜಾವಾಸ್ಕ್ರಿಪ್ಟ್‌ನ ಯುಟಿಎಫ್-16 ಸ್ಟ್ರಿಂಗ್, ಅದು ಎಣಿಸುವುದು ಓದುವ ಅಕ್ಷರಗಳನ್ನಲ್ಲ, ಕೋಡ್ ಘಟಕಗಳನ್ನು. ‘ಕ್ಷೇತ್ರ’ದ ಉದ್ದ ಎಷ್ಟೆಂದು ಕೇಳಿದರೆ 7 ಎನ್ನುತ್ತದೆ, ಓದುವವರಿಗೆ ಅದು ಎರಡೇ ಅಕ್ಷರ. ಎಡದಿಂದ 2 ಕತ್ತರಿಸಿದರೆ ಸಿಗುವುದು ಬರೀ ‘ಕ್’. ಹಾಗಾಗಿ ಉದ್ದ ಹೆಸರನ್ನು ಎಲ್ಮ್‌ನಲ್ಲಿ ಕತ್ತರಿಸಿ ಮೂರು ಚುಕ್ಕೆ ಹಾಕಬೇಡಿ, ಸಿಎಸ್‌ಎಸ್‌ನ ಎಲಿಪ್ಸಿಸ್‌ಗೆ ಬಿಡಿ.

ಹುಡುಕಾಟ ಸೋಲುವುದಕ್ಕೆ ಎರಡು ಕಾರಣ. ‘ೇ’, ‘ೋ’ ಥರದ ದೀರ್ಘ ಸ್ವರಚಿಹ್ನೆಗಳನ್ನು ಒಂದೇ ಕೋಡ್ ಪಾಯಿಂಟ್ (ಯೂನಿಕೋಡ್ ಸಂಖ್ಯೆ) ಆಗಿಯೂ ಬರೆಯಬಹುದು, ಬಿಡಿ ಭಾಗಗಳಾಗಿಯೂ ಬರೆಯಬಹುದು. ಪರದೆಯಲ್ಲಿ ಒಂದೇ, ಹೋಲಿಸಿದರೆ ಬೇರೆ. ಎರಡನೆಯದು, ‘ಅಪ್‌ಡೇಟ್’ನಂಥ ಪದದ ನಡುವೆ ಕಣ್ಣಿಗೆ ಕಾಣದೆ ಕೂರುವ ಯು+200ಸಿ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಗುರುತು). ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎಲ್ಮ್‌ನ ಮೂಲ ಲೈಬ್ರರಿಯಲ್ಲಿ ಯೂನಿಕೋಡ್ ನಾರ್ಮಲೈಸ್ ಇಲ್ಲ. ಆದ್ದರಿಂದ ಸರ್ವರ್ ಪ್ರತಿ ಸರಕಿನ ಜೊತೆ ‘ಹುಡುಕು ಕೀಲಿ’ ಕಳಿಸಲಿ: ಎನ್‌ಎಫ್‌ಸಿಗೆ (ಬಿಡಿ ಭಾಗಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತಂದು, ಯು+200ಸಿ, ಅದರಂತೆಯೇ ಕಾಣದ ಯು+200ಡಿ ತೆಗೆದ ಹೆಸರು. ಬಳಕೆದಾರರು ಟೈಪ್ ಮಾಡಿದ ಪದಕ್ಕೂ ಇದೇ ಸಂಸ್ಕಾರ ಬೇಕು. ಕಾಣದ ಗುರುತು ತೆಗೆಯುವುದು, ಬಿಡಿ ಸ್ವರಚಿಹ್ನೆ ಕೂಡಿಸುವುದು ಎರಡನ್ನೂ ಸ್ಟ್ರಿಂಗ್ ರಿಪ್ಲೇಸ್‌ನಿಂದ ಎಲ್ಮ್‌ನಲ್ಲೇ ಮಾಡಬಹುದು, ಕನ್ನಡದಲ್ಲಿ ಅಂಥ ಕೂಡಿಕೆಗಳು ಬೆರಳೆಣಿಕೆಯಷ್ಟೇ. ಆದರೆ ಸಂಸ್ಕರಿಸಿದ್ದನ್ನು ಇನ್‌ಪುಟ್ ಪೆಟ್ಟಿಗೆಯ ವ್ಯಾಲ್ಯೂಗೆ ಹಿಂತಿರುಗಿಸಬೇಡಿ. ಕನ್ನಡ ಕೀಬೋರ್ಡ್ ಇನ್ನೂ ಅಕ್ಷರ ಜೋಡಿಸುತ್ತಿರುವಾಗ ಪೆಟ್ಟಿಗೆಯ ಪಠ್ಯ ಬದಲಾದರೆ ಜೋಡಣೆ ಮುರಿದು ಅಕ್ಷರ ಎರಡೆರಡು ಬೀಳಬಹುದು. ಪೆಟ್ಟಿಗೆಯಲ್ಲಿ ಬರೆದದ್ದು ಬರೆದಂತೆಯೇ ಇರಲಿ, ಕೀಲಿ ಬೇರೆ ಫೀಲ್ಡಿನಲ್ಲಿರಲಿ.

ವಿಂಗಡಣೆ: ಲಿಸ್ಟ್ ಸಾರ್ಟ್ ನೋಡುವುದು ಕೋಡ್ ಕ್ರಮ. ಯೂನಿಕೋಡ್‌ನಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ. ಅನುಸ್ವಾರವಂತೂ ಸ್ವರಗಳಿಗೂ ಮುಂಚೆ ಬರುತ್ತದೆ. ಪ್ರತಿ ಅಕ್ಷರಚಿಹ್ನೆಗೆ ನಿಮ್ಮದೇ ಕ್ರಮಸಂಖ್ಯೆ ಕೊಡುವ ಒಂದು ಸಣ್ಣ ಫಂಕ್ಷನ್ ಬರೆದು, ಹೆಸರನ್ನು ಅಂಕಿಗಳ ಲಿಸ್ಟ್ ಮಾಡಿ ಆ ಲಿಸ್ಟ್ ಮೇಲೆ ಸಾರ್ಟ್‌ಬೈ ಮಾಡಿ. ಅಂಕಿಗಳ ಲಿಸ್ಟ್ ಎಲ್ಮ್‌ನಲ್ಲಿ ಹೋಲಿಸಬಲ್ಲದ್ದೇ. 3,000 ಹೆಸರಿಗೆ ಕೀಲಿಯನ್ನು ಒಮ್ಮೆ, ಡಿಕೋಡ್ ಮಾಡುವಾಗಲೇ ಲೆಕ್ಕ ಹಾಕಿಡಿ.

---

ಮಲ್ಲಿಗೆಪುರ

ಕಲ್ಪತರು_ನಾಡು ಅವರ ಮಾತಿಗೆ ಒಂದು ಕಡೆ ನನ್ನ ಒಪ್ಪಿಗೆಯಿಲ್ಲ. 130 ಮಾಡ್ಯೂಲ್ ಇರುವ ಕಡೆ ಎಫೆಕ್ಟ್ ಟೈಪನ್ನು ಮೊದಲ ದಿನವೇ ಎಲ್ಲ ಪುಟಕ್ಕೂ ತರಲು ಹೋದರೆ ವಾರಗಟ್ಟಲೆ ಏನೂ ಕಂಪೈಲ್ ಆಗುವುದಿಲ್ಲ. ಎಫೆಕ್ಟ್‌ನಲ್ಲಿ ‘ಹಳೆಯ ಕಮಾಂಡ್’ ಎಂಬ ಒಂದು ಕನ್‌ಸ್ಟ್ರಕ್ಟರ್ ಇಟ್ಟು, ಇದ್ದ ಕಮಾಂಡನ್ನು ಅದರೊಳಗೆ ಹಾಗೇ ಸುತ್ತಿ ಸಾಗಿಸಿ. ಪುಟ ಪುಟವಾಗಿ ಬದಲಿಸುತ್ತಾ ಬಂದು, ಕೊನೆಗೆ ಆ ಕನ್‌ಸ್ಟ್ರಕ್ಟರ್ ಅಳಿಸಿ. ಎಲ್ಲಿ ಉಳಿದಿದೆ ಎಂದು ಕಂಪೈಲರ್ ಪಟ್ಟಿ ಕೊಡುತ್ತದೆ. ಕೋಡ್ ತಪಾಸಣೆಯ ಸಾಧನವಾದ ಎಲ್ಮ್-ರಿವ್ಯೂ ಹಾಕಿ, ಬಳಸದ ಎಕ್ಸ್‌ಪೋರ್ಟ್, ಬಳಸದ ಕನ್‌ಸ್ಟ್ರಕ್ಟರ್ ಹುಡುಕುವ ನಿಯಮಗಳನ್ನು ಮೊದಲು ಓಡಿಸಿ. ಇಷ್ಟು ವಯಸ್ಸಾದ ಕೋಡಿನಲ್ಲಿ ಸತ್ತ ಭಾಗ ಸಾಕಷ್ಟು ಇರುತ್ತದೆ, ಅದನ್ನು ಒಡೆಯುವ ಶ್ರಮವೇ ಉಳಿಯುತ್ತದೆ.

ಗಾತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದೆ ಬೇಕಾಗುತ್ತದೆ. ಎಲ್ಮ್‌ನಲ್ಲಿ ಪುಟಕ್ಕೊಂದು ತುಂಡಾಗಿ ಜಾವಾಸ್ಕ್ರಿಪ್ಟ್ ಒಡೆಯುವ ಸೌಲಭ್ಯ ಇಲ್ಲ, ಒಂದೇ ಫೈಲ್ ಬರುತ್ತದೆ. ಆಪ್ಟಿಮೈಜ್ ಫ್ಲ್ಯಾಗ್ ಹಾಕಿ, ಜಾವಾಸ್ಕ್ರಿಪ್ಟ್ ಕುಗ್ಗಿಸುವ ಅಗ್ಲಿಫೈಜೆಎಸ್ ಅನ್ನು ಎರಡು ಸುತ್ತು ಓಡಿಸಿ: ಮೊದಲು ಕಂಪ್ರೆಸ್, ಆಮೇಲೆ ಮ್ಯಾಂಗಲ್ (ಹೆಸರುಗಳನ್ನು ಚಿಕ್ಕದಾಗಿಸುವುದು). ಕಂಪ್ರೆಸ್‌ಗೆ ಎಲ್ಮ್ ಔಟ್‌ಪುಟ್‌ನಲ್ಲಿರುವ ಎಫ್2ರಿಂದ ಎಫ್9, ಎ2ರಿಂದ ಎ9 ಇವು ಶುದ್ಧ ಫಂಕ್ಷನ್ ಎಂದು ಪ್ಯೂರ್ ಫಂಕ್ಸ್‌ನಲ್ಲಿ ತಿಳಿಸಬೇಕು. ಎಲ್ಮ್ ಕೋಡಿಗೆ ಅಡ್ಡಪರಿಣಾಮ ಇಲ್ಲದ ಕಾರಣ ಇದು ಸುರಕ್ಷಿತ, ಆದರೆ ನಿಮ್ಮ ಉಳಿದ ಜಾವಾಸ್ಕ್ರಿಪ್ಟನ್ನು ಅದೇ ಆಯ್ಕೆಗಳಲ್ಲಿ ಓಡಿಸಬೇಡಿ. ಬಿಲ್ಡ್‌ಗೆ ಮುಂಚೆ ಡೀಬಗ್ ಲಾಗ್, ಡೀಬಗ್ ಟೂಡೂ ಎಲ್ಲ ತೆಗೆದಿರಬೇಕು, ಇಲ್ಲದಿದ್ದರೆ ಆಪ್ಟಿಮೈಜ್ ನಿರಾಕರಿಸುತ್ತದೆ.

ಬ್ರೌಸರ್ ಡಾಟ್ ಅಪ್ಲಿಕೇಶನ್ ಬಳಸುತ್ತಿದ್ದೀರಿ ಎಂದಿರಿ. ಅದು ಇಡೀ ಬಾಡಿ ಎಲಿಮೆಂಟನ್ನು ತನ್ನದಾಗಿಸಿಕೊಳ್ಳುತ್ತದೆ. ಬ್ರೌಸರ್ ಎಕ್ಸ್‌ಟೆನ್ಶನ್ ಯಾವುದಾದರೂ ಬಾಡಿಯೊಳಗೆ ತನ್ನ ಎಲಿಮೆಂಟ್ ತುರುಕಿದರೆ ವರ್ಚುವಲ್ ಡಾಮ್‌ನ ಲೆಕ್ಕ ತಪ್ಪಿ ‘ಚೈಲ್ಡ್‌ನೋಡ್ಸ್ ಆಫ್ ಅನ್‌ಡಿಫೈನ್ಡ್’ ಥರದ ದೋಷ ಬರುತ್ತದೆ. ಗೂಗಲ್ ಅನುವಾದ ಪಠ್ಯವನ್ನು ಫಾಂಟ್ ಟ್ಯಾಗ್‌ನಲ್ಲಿ ಸುತ್ತುವುದರಿಂದಲೂ ಹಾಗೆಯೇ, ಅಂಕಿ ಬದಲಾದರೂ ಪರದೆಯಲ್ಲಿ ಹಳೆಯದೇ ನಿಲ್ಲಬಹುದು. ದಾಸ್ತಾನು ಲೆಕ್ಕದಲ್ಲಿ ಇದು ಅಪಾಯ. ಎಚ್‌ಟಿಎಂಎಲ್ ಟ್ಯಾಗಿಗೆ ಟ್ರಾನ್ಸ್‌ಲೇಟ್ ‘ನೋ’ ಎಂದು ಹಾಕಿ ಅನುವಾದ ತಡೆಯಿರಿ. ಎಕ್ಸ್‌ಟೆನ್ಶನ್‌ಗಳಿಗಾಗಿ ಬ್ರೌಸರ್ ಡಾಟ್ ಎಲಿಮೆಂಟ್‌ಗೆ ಬದಲಾಗಿ, ನಿಮ್ಮದೇ ಒಂದು ಡಿವ್ ಒಳಗೆ ಓಡಿಸಿ. ಆಗ ವಿಳಾಸ ಬದಲಾವಣೆಯನ್ನು ನೀವೇ ನೋಡಿಕೊಳ್ಳಬೇಕು: ವಿಳಾಸ ಬದಲಿಸುವ ಪುಶ್‌ಸ್ಟೇಟ್‌ಗೆ ಒಂದು ಹೊರ ಸಂದೇಶ, ಬ್ರೌಸರ್‌ನ ಹಿಂದೆ-ಮುಂದೆ ಬಟನ್ ಒತ್ತಿದಾಗ ಹುಟ್ಟುವ ಪಾಪ್‌ಸ್ಟೇಟ್‌ಗೆ ಒಂದು ಒಳ ಸಂದೇಶ. ಪುಶ್‌ಸ್ಟೇಟ್ ಕರೆದಾಗ ಪಾಪ್‌ಸ್ಟೇಟ್ ಈವೆಂಟ್ ಹುಟ್ಟುವುದಿಲ್ಲ, ಹಾಗಾಗಿ ಜಾವಾಸ್ಕ್ರಿಪ್ಟ್ ಕಡೆ ಪುಶ್ ಆದ ಕೂಡಲೇ ಹೊಸ ವಿಳಾಸವನ್ನು ನೀವೇ ಎಲ್ಮ್‌ಗೆ ಕಳಿಸಬೇಕು. ಲಿಂಕ್ ಒತ್ತಿದಾಗ ತಡೆಯುವ ಡಿಕೋಡರ್ ಕಂಟ್ರೋಲ್, ಶಿಫ್ಟ್, ಮೆಟಾ ಒತ್ತಿಲ್ಲ ಮತ್ತು ಬಟನ್ 0 (ಮೌಸಿನ ಮುಖ್ಯ ಬಟನ್) ಎಂದು ನೋಡಿಯೇ ತಡೆಯಬೇಕು, ಇಲ್ಲವಾದರೆ ಇನ್‌ವಾಯ್ಸನ್ನು ಹೊಸ ಟ್ಯಾಬಿನಲ್ಲಿ ತೆರೆಯಲು ಬರುವುದಿಲ್ಲ. ಪಿಡಿಎಫ್ ಇಳಿಸುವ ಲಿಂಕ್, ಲಾಗ್‌ಔಟ್ ಲಿಂಕ್ ಎರಡಕ್ಕೂ ಈ ಡಿಕೋಡರ್ ಹಾಕಲೇಬೇಡಿ, ಅವು ಸರ್ವರ್‌ಗೆ ನೇರವಾಗಿ ಹೋಗಬೇಕಾದವು.